ಫೈಟಿಂಗ್ ಗೇಮ್ ಟೂರ್ನಮೆಂಟ್: ನಾಕೌಟೋ, ಡಬಲ್ ಎಲಿಮಿನೇಷನ್ನೋ, ಲೀಗೋ? ನಿಮ್ಮ ಊರಿಗೆ ಹೊಂದುವುದನ್ನು ಆರಿಸುವ ಬಗೆ

ಕಾಲೇಜು ಫೆಸ್ಟ್‌ಗಳ ಕಾಲ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಟೆಕ್ಕನ್ ಟೂರ್ನಮೆಂಟ್ ಇಡಬೇಕಂತ ಮಾಡೇವಿ. ನಾಕೌಟ್ ಇಡೋಣೋ, ಡಬಲ್ ಎಲಿಮಿನೇಷನ್ ಇಡೋಣೋ? ಲೀಗ್ ಆಡಿಸಿದ್ರ ಒಂದ ದಿನದಾಗ ಮುಗೀತದೇನು?" ಅದರ ಬೆನ್ನಿಗೇ ಇನ್ನೊಂದು: ಒಂದು ಸೆಟ್, ಅಂದರೆ ಇಬ್ಬರ ನಡುವಿನ ಒಂದು ಪಂದ್ಯ, ಫಸ್ಟ್ ಟು ಟೂ (ಮೊದಲು ಎರಡು ಗೇಮ್ ಗೆದ್ದವರಿಗೆ) ಸಾಕೋ, ಫಸ್ಟ್ ಟು ತ್ರೀ (ಮೊದಲು ಮೂರು ಗೆದ್ದವರಿಗೆ) ಬೇಕೋ?

ಎಲ್ಲರಿಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ನನ್ನದೊಂದು ನಿಲುವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟೆಕ್ಕನ್, ಸ್ಟ್ರೀಟ್ ಫೈಟರ್‌ನಂಥ ಫೈಟಿಂಗ್ ಗೇಮ್ ಅಂದರೆ ಇಬ್ಬರು ಪರದೆಯ ಮೇಲೆ ತಮ್ಮ ತಮ್ಮ ಪಾತ್ರಗಳನ್ನು ಕಾದಾಡಿಸುವ ವಿಡಿಯೊ ಗೇಮ್. ನಮ್ಮ ಕಡೆ ಈ ಆಟಗಳನ್ನು ಮನಸ್ಸಿಟ್ಟು ಆಡುವವರು ಊರಿಗೆ ಬೆರಳೆಣಿಕೆಯಷ್ಟು ಮಂದಿ. ವರ್ಷವಿಡೀ ಅದೇ ನಾಲ್ಕು ಗೆಳೆಯರ ಜೊತೆ ಆಡಿ ಆಡಿ ಒಬ್ಬರ ಆಟ ಇನ್ನೊಬ್ಬರಿಗೆ ಬಾಯಿಪಾಠ ಆಗಿರುತ್ತದೆ. ಹೊಸ ಕೈ ಎದುರಿಗೆ ಸಿಗುವುದು ಟೂರ್ನಮೆಂಟಿನಲ್ಲಿ ಮಾತ್ರ. ಹೀಗಾಗಿ ಕಪ್ ಯಾರಿಗೆ ಹೋಯಿತು ಎಂದು ಕೇಳುವ ಮೊದಲು, ಬಂದ ಒಬ್ಬೊಬ್ಬರಿಗೂ ಎಷ್ಟು ಆಟ ಸಿಕ್ಕಿತು ಎಂದು ಕೇಳಬೇಕು. ವಿಜಯಪುರದಿಂದ ಬೆಳಗಾವಿಗೆ ಇನ್ನೂರು ಕಿಲೋಮೀಟರಿನಷ್ಟು ದೂರ ಬಸ್ಸಿನಲ್ಲಿ ಬಂದ ಹುಡುಗನನ್ನು ಎಂಟು ನಿಮಿಷ ಆಡಿಸಿ ಮನೆಗೆ ಕಳಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಯಾವುದನ್ನು ಅಳೆಯಬೇಕು

ಮೊದಲನೆಯದು ಸೆಟಪ್ ಮತ್ತು ತಾಸು. ಸೆಟಪ್ ಅಂದರೆ ಒಂದು ಕನ್ಸೋಲ್ ಅಥವಾ ಪಿಸಿ, ಒಂದು ಸ್ಕ್ರೀನ್, ಎರಡು ಪ್ಯಾಡ್. ನಿಮ್ಮ ಹತ್ತಿರ ಎಷ್ಟು ಸೆಟಪ್ ಇವೆ, ಹಾಲ್ ಎಷ್ಟು ತಾಸು ನಿಮ್ಮದು, ಊರ ಕಡೆ ಹೋಗುವ ಕೊನೆಯ ಬಸ್ ಎಷ್ಟಕ್ಕೆ, ಇವು ಮೂರೂ ಗೊತ್ತಾಗದೆ ಬೇರೆ ಲೆಕ್ಕ ಶುರುವಾಗುವುದೇ ಇಲ್ಲ. ಮನೆಯ ದೊಡ್ಡ ಟಿವಿ ತರುವವರು ಅದರ ಗೇಮ್ ಮೋಡ್ ಆನ್ ಮಾಡಲೇಬೇಕು. ಇಲ್ಲದಿದ್ದರೆ ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಕೈ ಏಳುವುದು ತಡವಾಗುತ್ತದೆ. ಫೈಟಿಂಗ್ ಗೇಮಿನಲ್ಲಿ ಅಷ್ಟು ತಡವೇ ಸೋಲು.

ಎರಡನೆಯದು, ಅತ್ಯಂತ ಕಳಪೆ ದಿನ ಕಂಡ ಆಟಗಾರನಿಗೂ ಕನಿಷ್ಠ ಎಷ್ಟು ಸೆಟ್ ಸಿಗುತ್ತದೆ ಎನ್ನುವುದು. ಮೂರನೆಯದು, ಬಲವಾದವರು ನಿಜಕ್ಕೂ ಮೇಲೆ ಬರುತ್ತಾರೋ, ಇಲ್ಲ ಯಾರೋ ಒಬ್ಬರ ಅದೃಷ್ಟಕ್ಕೆ ಕಪ್ ಹೋಗುತ್ತದೋ. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಪ್ರತಿ ಸೆಟ್ಟಿಗೂ ಬೆಲೆ ಇದೆಯೋ ಇಲ್ಲವೋ. ಗೆದ್ದರೂ ಸೋತರೂ ಏನೂ ಬದಲಾಗದ ಸೆಟ್‌ಗಳು ಹೆಚ್ಚಿದಷ್ಟೂ ಗೆಳೆಯನಿಗೆ ಗೇಮ್ ಬಿಟ್ಟುಕೊಡುವ ಆಸೆ ಹೆಚ್ಚುತ್ತದೆ.

ಇನ್ನು ವೇಳೆ. ಟೂರ್ನಮೆಂಟುಗಳಲ್ಲಿ ಸ್ಟ್ರೀಟ್ ಫೈಟರ್ 6 ಆಡುವುದು ಗಡಿಯಾರವನ್ನು 99ಕ್ಕೆ ಇಟ್ಟು, ಎರಡು ರೌಂಡ್ ಮೊದಲು ಗೆದ್ದವರಿಗೆ ಗೇಮ್ ಎಂದು. ಟೆಕ್ಕನ್ 8ರಲ್ಲಿ ರೌಂಡಿಗೆ 60 ಸೆಕೆಂಡು, ಮೂರು ರೌಂಡ್ ಮೊದಲು ಗೆದ್ದವರಿಗೆ ಗೇಮ್. ಎರಡು ಗೇಮ್ ಮೊದಲು ಗೆದ್ದವರಿಗೆ ಸೆಟ್ ಕೊಟ್ಟರೆ ಅದು ಫಸ್ಟ್ ಟು ಟೂ, ಮೂರಾದರೆ ಫಸ್ಟ್ ಟು ತ್ರೀ. ಪ್ಯಾಡ್ ಜೋಡಿಸಿ, ಬಟನ್ ಚೆಕ್ ಮಾಡಿ, ಪಾತ್ರ ಆರಿಸಿ ಆಟ ಮುಗಿಯುವ ತನಕ ಫಸ್ಟ್ ಟು ಟೂಗೆ ಎಂಟು ನಿಮಿಷ, ಫಸ್ಟ್ ಟು ತ್ರೀಗೆ ಹನ್ನೆರಡು ನಿಮಿಷ ಹಿಡಿಯಿರಿ. ಕೆಳಗಿನ ಲೆಕ್ಕವೆಲ್ಲ 16 ಆಟಗಾರರನ್ನು ಇಟ್ಟುಕೊಂಡು ಹಾಕಿದ್ದು. ನಮ್ಮ ಮೂರು ಜಿಲ್ಲೆಗಳಲ್ಲಿ ಒಂದು ಭಾನುವಾರಕ್ಕೆ ಅದು ಒಳ್ಳೆಯ ಸಂಖ್ಯೆ.

ನಾಕೌಟ್

ಓಣಿಯ ಕ್ರಿಕೆಟ್, ಕಬಡ್ಡಿ ಪಂದ್ಯಾವಳಿಗಳಿಂದ ಇದು ಎಲ್ಲರಿಗೂ ಪರಿಚಿತ. ಸೋತರೆ ಮನೆ. ಪ್ರತಿ ಸೆಟ್ಟಿಗೂ ಒಬ್ಬರು ಹೊರಗೆ ಹೋಗುವುದರಿಂದ, ಎಷ್ಟು ಜನರಿದ್ದಾರೋ ಅದಕ್ಕಿಂತ ಒಂದು ಕಡಿಮೆ ಸೆಟ್ ಸಾಕು: 16 ಜನಕ್ಕೆ 15. ಒಂದೇ ಸೆಟಪ್ ಇದ್ದರೂ ಎರಡು ತಾಸಿನಲ್ಲಿ ಮುಗಿಯುತ್ತದೆ. ಫೆಸ್ಟಿನಲ್ಲಿ ನಿಮಗೆ ಸಿಕ್ಕಿದ್ದು ಮಧ್ಯಾಹ್ನದ ಒಂದು ಹೊತ್ತು ಮಾತ್ರ, ಮುಂದೆ ಸಭಾಂಗಣ ಡಾನ್ಸ್ ಕಾರ್ಯಕ್ರಮಕ್ಕೆ ಬಿಡಬೇಕು ಎಂದರೆ ಬೇರೆ ದಾರಿಯಿಲ್ಲ. ನೋಡುವವರಿಗೂ ಇದು ತಟ್ಟನೆ ಅರ್ಥವಾಗುತ್ತದೆ. ಸ್ಟೇಜಿನ ಮುಂದೆ ನಿಂತ ಮುನ್ನೂರು ಮಂದಿಗೆ ಬ್ರ್ಯಾಕೆಟ್ (ಯಾರು ಯಾರ ಜೊತೆ ಆಡುತ್ತಾರೆ ಎಂಬ ಪಟ) ವಿವರಿಸುತ್ತ ಕೂರಬೇಕಿಲ್ಲ.

ಆದರೆ 16ರಲ್ಲಿ ಎಂಟು ಮಂದಿ ಒಂದೇ ಸೆಟ್ ಆಡಿ ಪ್ಯಾಡ್ ಕೆಳಗಿಡುತ್ತಾರೆ. ಅರ್ಧ ಜನ. ಅದರಲ್ಲಿ ಹೊಸಬರೇ ಹೆಚ್ಚು, ಮುಂದಿನ ವರ್ಷ ಅವರು ಹೆಸರು ಕೊಡುವುದು ಅನುಮಾನ. ಬಲಾಬಲದ ಲೆಕ್ಕವೂ ಇಲ್ಲಿ ಸಡಿಲ. ಎದುರಿಗೆ ಯಾರೇ ಬರಲಿ, ನೂರು ಗೇಮ್ ಆಡಿದರೆ 60 ಗೆಲ್ಲಬಲ್ಲ ಆಟಗಾರ ಒಬ್ಬಳಿದ್ದಾಳೆ ಎಂದುಕೊಳ್ಳಿ. ಫಸ್ಟ್ ಟು ಟೂ ನಾಕೌಟಿನಲ್ಲಿ ಆಕೆ ನಾಲ್ಕೂ ಸೆಟ್ ಸತತ ಗೆದ್ದು ಕಪ್ ಎತ್ತುವ ಸಾಧ್ಯತೆ ನೂರಕ್ಕೆ 18ರ ಹತ್ತಿರ. ಸೆಟ್ಟಿಗೆ ಒಂದೇ ಗೇಮ್ ಇಟ್ಟರೆ 13ಕ್ಕೆ ಇಳಿಯುತ್ತದೆ. ಫಸ್ಟ್ ಟು ತ್ರೀ ಮಾಡಿದರೆ 22ರ ಸಮೀಪಕ್ಕೆ ಏರುತ್ತದೆ. ಆದ್ದರಿಂದ ನಾಕೌಟ್ ಇಡಲೇಬೇಕಾದರೆ, ಉಳಿದ ವೇಳೆಯನ್ನು ಸೆಟ್ ಉದ್ದ ಮಾಡುವುದಕ್ಕೆ ಬಳಸಿ. ಎರಡು ಸೆಟಪ್ ಇದ್ದರೆ ಫಸ್ಟ್ ಟು ತ್ರೀ ನಾಕೌಟ್ ಕೂಡ ಎರಡು ತಾಸಿನ ಒಳಗೇ ಮುಗಿಯುತ್ತದೆ.

ಜನ ಸರಿಯಾಗಿ ಎಂಟೋ ಹದಿನಾರೋ ಬರುವುದಿಲ್ಲ. 11 ಮಂದಿ ಬಂದರೆ 16ರ ಬ್ರ್ಯಾಕೆಟ್ ಹಾಕಿ ಐದು ಬೈ, ಅಂದರೆ ಮೊದಲ ಸುತ್ತು ಆಡದೆ ಮುಂದೆ ಹೋಗುವ ಅವಕಾಶ, ಕೊಡಬೇಕು. ಬೈ ಚೀಟಿ ಎತ್ತಿ ಕೊಡಬೇಡಿ, ಬಲವಾದವರಿಗೆ ಕೊಡಿ. ಹಾಗೆಯೇ ಮೊದಲ ಸುತ್ತಿನಲ್ಲಿ ಒಂದೇ ಊರಿನವರು ಎದುರಾಗದಂತೆ ಹಂಚಿ. ಬಾಗಲಕೋಟೆಯ ಇಬ್ಬರು ರೂಮ್‌ಮೇಟ್‌ಗಳು ಮೂರು ತಾಸಿನ ಮೇಲೆ ಪ್ರಯಾಣ ಮಾಡಿ ಬಂದು ಬೆಳಗಾವಿಯಲ್ಲಿ ಪರಸ್ಪರ ಆಡಿ, ಒಬ್ಬ ಹೊರಗೆ ಹೋಗುವುದೆಂದರೆ ಆ ಪ್ರಯಾಣವೇ ದಂಡ. ಊರು ನೋಡಿ ಹಂಚುವ ಈ ರೂಢಿ ಜಗತ್ತಿನ ದೊಡ್ಡ ಕೂಟಗಳಲ್ಲೂ ಇದೆ.

ಡಬಲ್ ಎಲಿಮಿನೇಷನ್

ಫೈಟಿಂಗ್ ಗೇಮ್ ಲೋಕದ ಮುಖ್ಯ ಪದ್ಧತಿ ಇದೇ. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಯಾಟಲ್ ಬೈ ದ ಬೇ ಎಂದು ಶುರುವಾಗಿ, 2002ರಲ್ಲಿ ಇವೊ ಎಂದು ಹೆಸರು ಬದಲಿಸಿಕೊಂಡ ಕೂಟ ಇದನ್ನೇ ಆಡಿಸುತ್ತದೆ. ಲಾಹೋರಿನ ಅರ್ಸಲಾನ್ ಆ್ಯಶ್ 2019ರಲ್ಲಿ ಇವೊ ಜಪಾನ್ ಮತ್ತು ಲಾಸ್ ವೇಗಸ್‌ನ ಇವೊ ಎರಡನ್ನೂ ಟೆಕ್ಕನ್ 7ರಲ್ಲಿ ಗೆದ್ದಾಗ, ನಮ್ಮ ಕಡೆಯ ಎಷ್ಟೋ ಹುಡುಗರು ಮೊದಲ ಸಲ ಬ್ರ್ಯಾಕೆಟ್ ಎಂಬುದನ್ನು ಕಣ್ಣಿಟ್ಟು ನೋಡಿದರು.

ಕ್ರಮ ಹೀಗೆ. ಎಲ್ಲರೂ ವಿನ್ನರ್ಸ್ ಕಡೆ ಶುರು ಮಾಡುತ್ತಾರೆ. ಒಮ್ಮೆ ಸೋತವರು ಲೂಸರ್ಸ್ ಕಡೆಗೆ ಇಳಿಯುತ್ತಾರೆ, ಅಲ್ಲಿಯೂ ಸೋತರೆ ಹೊರಗೆ. ಕೊನೆಗೆ ವಿನ್ನರ್ಸ್ ಕಡೆಯಿಂದ ಒಬ್ಬರು, ಲೂಸರ್ಸ್ ಕಡೆಯಿಂದ ಒಬ್ಬರು ಗ್ರ್ಯಾಂಡ್ ಫೈನಲ್ ಆಡುತ್ತಾರೆ. ವಿನ್ನರ್ಸ್ ಕಡೆಯವರು ಇನ್ನೂ ಸೋತಿಲ್ಲವಾದ್ದರಿಂದ ಅವರಿಗೆ ಒಂದು ಸೆಟ್ ಸಾಕು. ಲೂಸರ್ಸ್ ಕಡೆಯವರು ಮೊದಲ ಸೆಟ್ ಗೆದ್ದರೆ ಬ್ರ್ಯಾಕೆಟ್ ರೀಸೆಟ್ ಆಗಿ ಇನ್ನೊಂದು ಸೆಟ್ ಆಡಲೇಬೇಕು. 16 ಜನಕ್ಕೆ ಒಟ್ಟು 30 ಸೆಟ್, ರೀಸೆಟ್ ಆದರೆ 31.

ನಮ್ಮ ಕಡೆ ಗರಡಿಮನೆಯ ಪರಿಚಯ ಇದ್ದವರು ಇದನ್ನು ಒಲಿಂಪಿಕ್ ಕುಸ್ತಿಯ ರೆಪೆಚಾಜ್ ಎಂದುಕೊಳ್ಳುತ್ತಾರೆ. ಎರಡರಲ್ಲೂ ಸೋತವರಿಗೆ ಮರಳಿ ಅವಕಾಶ ಇರುವುದು ನಿಜ. 2008ರಲ್ಲಿ ಸುಶೀಲ್ ಕುಮಾರ್, 2016ರಲ್ಲಿ ಸಾಕ್ಷಿ ಮಲಿಕ್ ಸೋತ ಮೇಲೂ ಕಂಚು ಗೆದ್ದದ್ದು ಆ ದಾರಿಯಿಂದಲೇ. ಆದರೆ ಅಲ್ಲಿ ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ಮಾತ್ರ ನಿಮಗೆ ಬಾಗಿಲು ತೆರೆಯುತ್ತದೆ, ತೆರೆದರೂ ಕಂಚಿನ ತನಕ ಮಾತ್ರ. ಲೂಸರ್ಸ್ ಬ್ರ್ಯಾಕೆಟ್ ಸೋತ ಎಲ್ಲರಿಗೂ ತೆರೆದಿರುತ್ತದೆ, ಕಪ್ಪಿನ ತನಕವೂ ತೆರೆದಿರುತ್ತದೆ. 2017ರ ಇವೊದಲ್ಲಿ ಸ್ಟ್ರೀಟ್ ಫೈಟರ್ 5 ಗೆದ್ದ ಜಪಾನಿನ ಟೋಕಿಡೊ ಗ್ರ್ಯಾಂಡ್ ಫೈನಲ್‌ಗೆ ಬಂದದ್ದು ಲೂಸರ್ಸ್ ಕಡೆಯಿಂದ. ಅಮೆರಿಕದ ಪಂಕ್‌ನನ್ನು ಎರಡು ಸೆಟ್ ಸೋಲಿಸಿ ಆತ ಕಪ್ ಎತ್ತಿದ. 2004ರ ಇವೊದಲ್ಲಿ ಜಪಾನಿನ ಡೈಗೊ ಉಮೆಹಾರಾ ಅಮೆರಿಕದ ಜಸ್ಟಿನ್ ವಾಂಗ್‌ನ ಸೂಪರ್ ಆರ್ಟ್ ಎಂಬ ಸರಣಿ ದಾಳಿಯ ಪ್ರತಿ ಏಟನ್ನೂ ಪ್ಯಾರಿ ಮಾಡಿದ (ಸರಿಯಾದ ಕ್ಷಣದಲ್ಲಿ ತಡೆದ) ಆ ಪ್ರಸಿದ್ಧ ಕ್ಷಣ ಕೂಡ ಲೂಸರ್ಸ್ ಫೈನಲಿನದೇ. ನಾಕೌಟ್ ಇದ್ದಿದ್ದರೆ ಆ ಆಟವೇ ನಡೆಯುತ್ತಿರಲಿಲ್ಲ.

ಇದರ ದೊಡ್ಡ ಗುಣ, ಬೆಲೆಯಿಲ್ಲದ ಸೆಟ್ ಒಂದೂ ಇಲ್ಲದಿರುವುದು. ಪ್ರತಿ ಸೋಲಿಗೂ ಲೆಕ್ಕವಿದೆ. ಬಲವಾದ ಇಬ್ಬರು ಆಕಸ್ಮಿಕವಾಗಿ ಬೇಗ ಎದುರಾದರೂ ಸೋತವರು ಕೆಳಗಿನಿಂದ ಏರಿ ಬರಬಹುದು. ಮೊದಲ ಸೆಟ್ಟೇ ಸೋತವರು ಕಪ್ ಎತ್ತಬೇಕಾದರೆ ಸತತ ಎಂಟು ಸೆಟ್ ಗೆಲ್ಲಬೇಕು, ಸೋಲದೆ ಬಂದವರಿಗೆ ಐದು ಸಾಕು. ಹಾಗಾಗಿ ಮೊದಲಿಂದ ಗೆಲ್ಲುತ್ತ ಬಂದವರಿಗೂ ಅನ್ಯಾಯವಿಲ್ಲ.

ಕೊರತೆ ಎರಡು. ಒಂದು, ಕನಿಷ್ಠ ಎರಡು ಸೆಟ್ ಸಿಗುತ್ತವೆ, ಅಷ್ಟೇ. 16ರಲ್ಲಿ ನಾಲ್ವರು ಎರಡನ್ನೂ ಸೋತು ಎದ್ದು ಹೋಗುತ್ತಾರೆ. ಇನ್ನೊಂದು, ವೇಳೆ. ಒಂದೇ ಸೆಟಪ್ ಇದ್ದರೆ 31 ಸೆಟ್‌ಗೆ ನಾಲ್ಕು ತಾಸು ದಾಟುತ್ತದೆ. ನಡುವೆ ಖಾನಾವಳಿಗೆ ಹೋದವರನ್ನು ಹುಡುಕಿ ಕರೆತರುವ ಹೊತ್ತು ಸೇರಿಸಿದರೆ ಐದು. ಸೆಟಪ್ ಹೆಚ್ಚಿಸಿದರೆ ಮೊದಲರ್ಧ ಬೇಗ ಓಡುತ್ತದೆ, ಕೊನೆಯ ಭಾಗ ಓಡುವುದಿಲ್ಲ. ಲೂಸರ್ಸ್ ಸೆಮಿಫೈನಲ್, ಲೂಸರ್ಸ್ ಫೈನಲ್, ಗ್ರ್ಯಾಂಡ್ ಫೈನಲ್, ರೀಸೆಟ್ ಒಂದಾದ ಮೇಲೆ ಒಂದು ಬರಬೇಕು. ನಿಮ್ಮ ಹತ್ತಿರ ಹತ್ತು ಟಿವಿ ಇದ್ದರೂ ಆ ಕೊನೆಯ ಸುಮಾರು ಒಂದು ತಾಸು ಒಂದೇ ಟಿವಿಯ ಮುಂದೆ ಕಳೆಯುತ್ತದೆ. ಬಸ್ಸಿನ ಲೆಕ್ಕ ಹಾಕುವಾಗ ಇದನ್ನು ಬಿಡಬೇಡಿ.

ಆಡುವವರೆಲ್ಲ ಪಳಗಿದವರು, ಸೆಟಪ್ ಎರಡೋ ಮೂರೋ ಇವೆ, ದಿನವಿಡೀ ಹಾಲ್ ನಿಮ್ಮದು ಅಂದರೆ ಕಣ್ಣು ಮುಚ್ಚಿ ಇದನ್ನೇ ಇಡಿ.

ಲೀಗ್, ಅಂದರೆ ರೌಂಡ್ ರಾಬಿನ್

ಎಲ್ಲರೂ ಎಲ್ಲರ ಜೊತೆ ಆಡುವ ಪದ್ಧತಿ. ಆರು ಜನಕ್ಕೆ 15 ಸೆಟ್, ಎಂಟು ಜನಕ್ಕೆ 28. ಇಷ್ಟರ ತನಕ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಹಾಸ್ಟೆಲ್ ರೂಮಿನಲ್ಲಿ ಆರೇಳು ಮಂದಿ ಕೂಡಿದ್ದೀರಿ, ಭಾನುವಾರ ಪೂರ್ತಿ ಖಾಲಿ ಇದೆ ಎಂದರೆ ಬ್ರ್ಯಾಕೆಟ್ ಗೊಡವೆಯೇ ಬೇಡ, ಲೀಗ್ ಆಡಿ. 16 ಜನಕ್ಕೆ ಮಾತ್ರ 120 ಸೆಟ್ ಆಗುತ್ತದೆ, ಅದು ಒಂದು ದಿನದ ಮಾತಲ್ಲ.

ಗುಂಪು ಮಾಡಿ ಆಮೇಲೆ ಬ್ರ್ಯಾಕೆಟ್

ನಾನು ಹೆಚ್ಚು ಜನರಿಗೆ ಸೂಚಿಸುವುದು ಇದನ್ನೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

16 ಜನರನ್ನು ನಾಲ್ಕು ನಾಲ್ಕರ ನಾಲ್ಕು ಗುಂಪು ಮಾಡಿ. ಗುಂಪಿನೊಳಗೆ ಲೀಗ್ ಆಡಿಸಿದರೆ ಗುಂಪಿಗೆ ಆರು ಸೆಟ್, ಒಟ್ಟು 24. ಪ್ರತಿ ಗುಂಪಿನ ಮೊದಲಿಬ್ಬರನ್ನು ಎತ್ತಿಕೊಂಡು ಎಂಟು ಜನರ ನಾಕೌಟ್ ಆಡಿಸಿದರೆ ಇನ್ನೂ ಏಳು. ಕೂಡಿಸಿದರೆ 31. ಡಬಲ್ ಎಲಿಮಿನೇಷನ್‌ಗೆ ಹಿಡಿಯುವುದೂ ಹೆಚ್ಚೆಂದರೆ 31 ಸೆಟ್. ದುಡಿಮೆ ಒಂದೇ, ಹಂಚಿಕೆ ಬೇರೆ. ಇಲ್ಲಿ ಕಟ್ಟಕಡೆಯ ಆಟಗಾರನಿಗೂ ಮೂರು ಸೆಟ್ ಖಾತ್ರಿ, ಮೂರೂ ಬೇರೆ ಬೇರೆ ಕೈಗಳ ಜೊತೆ. ಮೊದಲ ಸೆಟ್ಟಿನಲ್ಲಿ ಕೈ ನಡುಗಿ ಸೋತ ಹುಡುಗಿಗೆ ಎರಡನೆಯದರಲ್ಲಿ ತಡೆದುಕೊಳ್ಳುವ, ಮೂರನೆಯದರಲ್ಲಿ ತನ್ನ ಆಟ ತೋರಿಸುವ ಅವಕಾಶ ಸಿಗುತ್ತದೆ. ಮೂರು ಊರುಗಳಿಂದ ಬಂದವರನ್ನು ಗುಂಪುಗಳಲ್ಲಿ ಬೆರೆಸಿ ಹಾಕುವುದೂ ಸುಲಭ.

ಸಮಸ್ಯೆ ಬರುವುದು ಬೆಲೆಯಿಲ್ಲದ ಸೆಟ್‌ಗಳಿಂದ. ಎರಡು ಸೆಟ್ ಸೋತು ಹೆಚ್ಚುಕಡಿಮೆ ಹೊರಬಿದ್ದವನು ಮೂರನೆಯದನ್ನು ಯಾಕೆ ಜೀವಬಿಟ್ಟು ಆಡಬೇಕು? ಎದುರಿಗಿರುವವನು ತನ್ನದೇ ಕ್ಲಾಸಿನ ಗೆಳೆಯ, ಅವನಿಗೆ ಈ ಗೆಲುವು ಬೇಕಾಗಿದೆ ಎಂದರೆ? ಎರಡು ಸೆಟ್ ಗೆದ್ದು ಹೆಚ್ಚುಕಡಿಮೆ ಮೇಲೆ ಹೋದವನಿಗೂ ಅದೇ ಸಡಿಲ. ಇದಕ್ಕೊಂದು ಒಳ್ಳೆಯ ಮದ್ದಿದೆ: ಗುಂಪಿನಲ್ಲಿ ಮೊದಲು ಬಂದವರನ್ನು ಮುಂದಿನ ಬ್ರ್ಯಾಕೆಟ್ಟಿನ ವಿನ್ನರ್ಸ್ ಕಡೆ, ಎರಡನೆಯವರನ್ನು ಲೂಸರ್ಸ್ ಕಡೆ ಇಡಿ. ಆಗ ಮೇಲೆ ಹೋಗುವುದು ಖಾತ್ರಿಯಾದವರಿಗೂ ಮೂರನೆಯ ಸೆಟ್ ಜೀವನ್ಮರಣದ್ದಾಗುತ್ತದೆ. ಗೆದ್ದರೆ ಮುಂದೆ ಎರಡು ಬದುಕು, ಸೋತರೆ ಒಂದೇ. ಹೊರಬಿದ್ದವರ ವಿಷಯಕ್ಕೆ, ಗುಂಪಿನ ಕೊನೆಯ ಎರಡು ಸೆಟ್‌ಗಳನ್ನು ಎರಡು ಸೆಟಪ್‌ಗಳಲ್ಲಿ ಒಂದೇ ಹೊತ್ತಿಗೆ ಆಡಿಸಿ. ಪಕ್ಕದ ಫಲಿತಾಂಶ ನೋಡಿ ಲೆಕ್ಕ ಹಾಕಲು ಆಗಬಾರದು.

ಹೀಗೆ ಮಾಡಿದರೆ ಎರಡನೆಯ ಹಂತಕ್ಕೆ 10 ಅಥವಾ 11 ಸೆಟ್ ಬೇಕು, ಒಟ್ಟು 34 ಅಥವಾ 35. ಗುಂಪಿನ ಆಟ ಫಸ್ಟ್ ಟು ಟೂ, ಮೇಲಿನ ಎಂಟು ಜನರ ಆಟ ಫಸ್ಟ್ ಟು ತ್ರೀ ಇಟ್ಟರೆ ಎರಡು ಸೆಟಪ್ ಮೇಲೆ ನಾಲ್ಕು ತಾಸಿನ ಆಜುಬಾಜು ಮುಗಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಶುರು, ಊಟಕ್ಕೆ ಮೊದಲು ಗುಂಪು, ಊಟದ ನಂತರ ಬ್ರ್ಯಾಕೆಟ್. ಸಂಜೆ ಬೆಳಕಿರುವಾಗಲೇ ವಿಜಯಪುರದವರು ಬಸ್ ನಿಲ್ದಾಣ ಸೇರಬಹುದು.

ಟೈ ಆಗುವುದಕ್ಕೆ ಮೊದಲೇ ತಯಾರಿರಿ. ಒಬ್ಬ ಎಲ್ಲರಿಗೂ ಸೋತು, ಉಳಿದ ಮೂವರು ಸುತ್ತಿಬಳಸಿ ಒಬ್ಬರನ್ನೊಬ್ಬರು ಸೋಲಿಸಿದರೆ ಮೂವರಿಗೂ ಎರಡೆರಡು ಗೆಲುವು. ಆಗ ಗೆದ್ದ ಗೇಮಿನಿಂದ ಸೋತ ಗೇಮ್ ಕಳೆದು ನೋಡಿ. ಅದೂ ಸಮವಾದರೆ ಆ ಮೂವರಿಗೆ ಒಂದೊಂದು ಗೇಮಿನ ಮರು ಆಟ. ಇಬ್ಬರ ನಡುವೆ ಮಾತ್ರ ಟೈ ಆದರೆ, ಅವರಿಬ್ಬರ ಸೆಟ್ ಗೆದ್ದವರೇ ಮುಂದೆ.

ಸ್ವಿಸ್

ಚೆಸ್ ಆಡುವವರಿಗೆ ಇದು ಗೊತ್ತು. ಪ್ರತಿ ಸುತ್ತಿನಲ್ಲಿ ಸಮನಾದ ಅಂಕದವರು ಎದುರಾಗುತ್ತಾರೆ, ಯಾರೂ ಹೊರಗೆ ಹೋಗುವುದಿಲ್ಲ. 16 ಜನಕ್ಕೆ ನಾಲ್ಕು ಸುತ್ತು, 32 ಸೆಟ್, ಎಲ್ಲರಿಗೂ ನಾಲ್ಕು. ಎರಡು ಸೋತವರು ಮೂರನೆಯ ಸುತ್ತಿನಲ್ಲಿ ಎರಡು ಸೋತವರ ಜೊತೆಗೇ ಆಡುವುದರಿಂದ ಹೊಸಬರಿಗೆ ತಮ್ಮ ಮಟ್ಟದ ಆಟ ಸಿಗುತ್ತದೆ. ಕಾಗದದ ಮೇಲೆ ಇದು ನನ್ನ ಅಳತೆಗಳಿಗೆಲ್ಲ ಸರಿಹೊಂದುತ್ತದೆ.

ನೆಲದ ಮೇಲೆ ತೊಡಕು. ಸುತ್ತಿನ ಎಂಟೂ ಸೆಟ್ ಮುಗಿಯುವ ತನಕ ಮುಂದಿನ ಸುತ್ತಿನ ಜೋಡಿ ಹಾಕಲು ಬರುವುದಿಲ್ಲ. ಎರಡೇ ಸೆಟಪ್ ಇದ್ದರೆ ಸುತ್ತು ಶುರುವಾಗುತ್ತಲೇ ಆಡಿ ಮುಗಿಸಿದವರು ಅರ್ಧ ತಾಸು ಸುಮ್ಮನೆ ಕೂರಬೇಕು. ನಾಲ್ಕು ಸೆಟಪ್ ಇಲ್ಲದೆ ಸ್ವಿಸ್ ಬೇಡ. ನಾಲ್ಕಿದ್ದು, ಜೋಡಿ ಹಾಕುವುದಕ್ಕೆ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಕೂರುವವರಿದ್ದರೆ ಧಾರಾಳವಾಗಿ ಮಾಡಿ. ಚಾಲಂಜ್ ಎಂಬ ಜಾಲತಾಣ ಸ್ವಿಸ್ ಸೇರಿ ಮೇಲಿನ ಎಲ್ಲ ಪದ್ಧತಿಗಳ ಜೋಡಿಯನ್ನೂ ತಾನೇ ಹಾಕಿಕೊಡುತ್ತದೆ. ಡಬಲ್ ಎಲಿಮಿನೇಷನ್‌ಗೆ ಸ್ಟಾರ್ಟ್ ಡಾಟ್ ಜಿಜಿ ಎಂಬ ಜಾಲತಾಣ ಬಳಸುವವರೇ ಹೆಚ್ಚು.

ಮೂರು ಮಂದಿಯ ತಂಡ

ಕಾಲೇಜು ಕಾಲೇಜುಗಳ ನಡುವಿನ ಸ್ಪರ್ಧೆಗೆ ಇದರಷ್ಟು ಹುರುಪು ತರುವುದು ಬೇರೆ ಇಲ್ಲ. ಎರಡು ಬಗೆ ಇದೆ. ಒಂದರಲ್ಲಿ ಮೊದಲನೆಯವರು ಮೊದಲನೆಯವರ ಜೊತೆ, ಎರಡನೆಯವರು ಎರಡನೆಯವರ ಜೊತೆ ಹೀಗೆ ಆಡಿ, ಎರಡು ಗೆದ್ದ ತಂಡಕ್ಕೆ ಜಯ. ಇನ್ನೊಂದರಲ್ಲಿ ಗೆದ್ದವರು ಕುರ್ಚಿಯಲ್ಲೇ ಉಳಿಯುತ್ತಾರೆ, ಸೋತ ತಂಡದ ಮುಂದಿನವರು ಬಂದು ಕೂರುತ್ತಾರೆ. ಕಿಂಗ್ ಆಫ್ ಫೈಟರ್ಸ್ ಆಟದ ಒಳಗೇ ಇರುವ ಕ್ರಮ ಇದು. ವಿಡಿಯೊ ಗೇಮ್ ಪಾರ್ಲರುಗಳಲ್ಲಿ ಟೆಕ್ಕನ್ 3 ಆಡುವಾಗ ಸೋತವನು ಎದ್ದು ಪ್ಯಾಡ್ ಕೊಡಬೇಕು ಎಂದು ಇದ್ದ ನಿಯಮವೂ ಇದೇ.

ನೋಡುವವರಿಗೆ ಎರಡನೆಯದು ರೋಚಕ. ತಂಡದ ಕೊನೆಯವರು ಒಬ್ಬರೇ ಎದುರಿನ ಮೂವರನ್ನೂ ಕೆಡವಿದರೆ ಹಾಲ್ ಎದ್ದು ನಿಲ್ಲುತ್ತದೆ. ಆದರೆ ಒಬ್ಬ ಗಟ್ಟಿಗನಿದ್ದ ತಂಡದಲ್ಲಿ ಉಳಿದಿಬ್ಬರಿಗೆ ಆಡುವ ಸರದಿಯೇ ಬಾರದೆ ಹೋಗಬಹುದು. ಎಲ್ಲರಿಗೂ ಆಟ ಸಿಗಲಿ ಎನ್ನುವುದಾದರೆ ಮೊದಲನೆಯ ಬಗೆಯನ್ನು ಇಡಿ, ಮೂರೂ ಸೆಟ್ ಪೂರ್ತಿ ಆಡಿಸಿ.

ಸೆಟ್ ಎಷ್ಟು ಉದ್ದ?

ನೂರಕ್ಕೆ 60 ಗೇಮ್ ಗೆಲ್ಲಬಲ್ಲವರು ಫಸ್ಟ್ ಟು ಟೂ ಸೆಟ್ ಗೆಲ್ಲುವುದು ನೂರಕ್ಕೆ 65 ಸಲ, ಫಸ್ಟ್ ಟು ತ್ರೀ 68, ಫಸ್ಟ್ ಟು ಫೈವ್ 73, ಫಸ್ಟ್ ಟು ಟೆನ್ 81. ಉದ್ದ ಹೆಚ್ಚಿದಷ್ಟೂ ಬಲವಾದವರಿಗೆ ಅನುಕೂಲ, ಆದರೆ ಪ್ರತಿ ಮೆಟ್ಟಿಲಿಗೂ ನೀವು ತೆರುವ ವೇಳೆ ಬಹಳ. ಫಸ್ಟ್ ಟು ಟೂನಿಂದ ತ್ರೀಗೆ ಹೋದರೆ ವೇಳೆ ಒಂದೂವರೆ ಪಟ್ಟು, ಲಾಭ ನೂರಕ್ಕೆ ಮೂರು ನಾಲ್ಕು. ಅದಕ್ಕೇ ದೊಡ್ಡ ಕೂಟಗಳು ಸಾಮಾನ್ಯವಾಗಿ ಮೊದಲ ಸುತ್ತುಗಳಲ್ಲಿ ಫಸ್ಟ್ ಟು ಟೂ ಇಟ್ಟು, ಕೊನೆಯ ಎಂಟರ ಹೊತ್ತಿಗೆ ಫಸ್ಟ್ ಟು ತ್ರೀ ಮಾಡುತ್ತವೆ. ನೀವೂ ಹಾಗೇ ಮಾಡಿ. ಒಂದೇ ಗೇಮಿನ ಸೆಟ್ ಮಾತ್ರ ಯಾವ ಕಾರಣಕ್ಕೂ ಬೇಡ. ಎದುರಾಳಿಯ ಆಟ ಓದಿ, ಮರುಗೇಮಿನಲ್ಲಿ ಅದಕ್ಕೆ ಉತ್ತರ ಕೊಡುವುದೇ ಈ ಆಟಗಳ ಜೀವ. ಒಂದೇ ಗೇಮ್ ಇಟ್ಟರೆ ಆ ಜೀವವೇ ಹೋಗುತ್ತದೆ. ಸೋತವರು ಪಾತ್ರ ಬದಲಿಸಬಹುದು, ಗೆದ್ದವರು ಬದಲಿಸುವಂತಿಲ್ಲ ಎಂಬ ನಿಯಮ ಇರುವುದೂ ಇದೇ ಕಾರಣಕ್ಕೆ.

ಫಸ್ಟ್ ಟು ಟೆನ್ ಬೇರೆಯೇ ಜಾತಿ. ಜಾತ್ರೆಯ ಜಂಗಿ ನಿಕಾಲಿ ಕುಸ್ತಿಯ ಹಾಗೆ, ಇಬ್ಬರ ನಡುವೆ ಪೂರ್ತಿ ನಿಕಾಲಿಯಾಗುವ ತನಕ ಕಣ ಬಿಡುವಂತಿಲ್ಲ. 2017ರಲ್ಲಿ ಇವೊ ಗೆದ್ದ ಅದೇ ಟೋಕಿಡೊನನ್ನು 2018ರ ಮಾರ್ಚಿನಲ್ಲಿ ಡೈಗೊ ಇಂಥ ಸೆಟ್ಟಿನಲ್ಲಿ 10–5ರಿಂದ ಸೋಲಿಸಿದ. ಬ್ರ್ಯಾಕೆಟ್ ಗೆಲ್ಲುವ ಬಲ ಒಂದು, ಒಬ್ಬನೇ ಎದುರಾಳಿಯನ್ನು ಹದಿನೈದು ಗೇಮ್ ಉದ್ದಕ್ಕೂ ಓದುವ ಬಲ ಇನ್ನೊಂದು. ಬೆಳಗಾವಿಯ ಒಬ್ಬ ಗಟ್ಟಿಗ, ವಿಜಯಪುರದ ಒಬ್ಬ ಗಟ್ಟಿಗನ ನಡುವೆ ಯಾರು ಮೇಲು ಎಂಬ ವಾದ ವರ್ಷಗಟ್ಟಲೆ ನಡೆದಿದ್ದರೆ, ಟೂರ್ನಮೆಂಟ್ ಮುಗಿದ ಮೇಲೆ ಅಥವಾ ಊಟದ ಬಿಡುವಿನಲ್ಲಿ ಅವರಿಬ್ಬರಿಗೆ ಇದನ್ನು ಇಡಿ. ನಲವತ್ತು ನಿಮಿಷ ಮೀಸಲಿಡಬೇಕು.

ದುಡ್ಡು ಕಡಿಮೆ ಇದ್ದರೆ

ಒಂದೇ ಸೆಟಪ್, ಬಾಡಿಗೆ ಹಾಲಿಗೂ ದುಡ್ಡಿಲ್ಲ ಎಂದರೆ ಗುಂಪಿನ ಹಂತವನ್ನು ಆನ್‌ಲೈನ್ ಆಡಿಸಿ. ಸ್ಟ್ರೀಟ್ ಫೈಟರ್ 6, ಟೆಕ್ಕನ್ 8 ಎರಡಕ್ಕೂ ರೋಲ್‌ಬ್ಯಾಕ್ ನೆಟ್‌ಕೋಡ್, ಅಂದರೆ ಇಂಟರ್‌ನೆಟ್ಟಿನ ವಿಳಂಬ ಆಟದಲ್ಲಿ ಕಾಣದಂತೆ ಮಾಡುವ ತಂತ್ರ, ಇದೆ. ಮೂರು ಊರುಗಳ ನಡುವಿನ ದೂರಕ್ಕೆ ಅದು ಸಾಕು, ಆದರೆ ವೈಫೈ, ಮೊಬೈಲ್ ಹಾಟ್‌ಸ್ಪಾಟ್ ಬೇಡ, ಕೇಬಲ್ ಹಾಕಿ ಆಡಬೇಕು ಎಂದು ಷರತ್ತಿಡಿ. ಒಂದು ವಾರದಲ್ಲಿ ಗುಂಪಿನ ಸೆಟ್‌ಗಳನ್ನು ಅವರವರ ಅನುಕೂಲಕ್ಕೆ ಮುಗಿಸಿ, ಮೇಲಿನ ಎಂಟು ಮಂದಿಯನ್ನು ಮಾತ್ರ ಭಾನುವಾರ ಒಂದೆಡೆ ಕೂಡಿಸಿದರೆ, ಒಂದೇ ಟಿವಿಯ ಮೇಲೆ ಎರಡರಿಂದ ಎರಡೂವರೆ ತಾಸು ಸಾಕು. ಬಾಗಲಕೋಟೆ ನಡುವೆ ಬೀಳುವುದರಿಂದ ಮೂರೂ ಊರಿನವರಿಗೆ ಅದೇ ಹದವಾದ ಜಾಗ.

ಎಂಟ್ರಿ ಫೀ ಇಡುವುದಾದರೆ ಅದನ್ನು ಮೊದಲು ಎರಡನೆಯ ಸೆಟಪ್ಪಿನ ಬಾಡಿಗೆಗೆ ಹಾಕಿ, ಬಹುಮಾನದ ಮೊತ್ತ ಆಮೇಲೆ. 16 ಮಂದಿ ನೂರು ರೂಪಾಯಿಯಂತೆ ಕೊಟ್ಟರೆ 1,600 ರೂಪಾಯಿ. ಅದು ಒಬ್ಬರ ಜೇಬಿಗೆ ಹೋಗುವುದಕ್ಕಿಂತ ಎಲ್ಲರಿಗೂ ಆಟವಾಗಿ ಮರಳುವುದು ಮೇಲು. ಪಕ್ಕದಲ್ಲಿ ಬಾಜಿ ಕಟ್ಟುವವರು ಕಂಡರೆ ಅಲ್ಲೇ ತಡೆಯಿರಿ.

ಗೋಡೆಗೆ ಅಂಟಿಸಬೇಕಾದ ಕಾಗದ

ಯಾವ ಪದ್ಧತಿ ಆರಿಸಿದರೂ ಮೊದಲ ಸೆಟ್ಟಿಗೆ ಮುಂಚೆ ಕೆಲವು ನಿಯಮಗಳು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಗೋಡೆಯ ಮೇಲಿರಲಿ. ಟೈ ಬಿಡಿಸುವ ಕ್ರಮ. ಗ್ರ್ಯಾಂಡ್ ಫೈನಲಿನಲ್ಲಿ ರೀಸೆಟ್ ಇದೆ ಎಂಬುದು. ಇದನ್ನು ಮೊದಲೇ ಹೇಳದಿದ್ದರೆ, ಒಂದು ಸೆಟ್ ಗೆದ್ದು ಕುಣಿಯುತ್ತಿರುವವರಿಗೆ ಇನ್ನೊಂದು ಆಡಬೇಕು ಎಂದು ಹೇಳುವ ಪಾಡು ನಿಮ್ಮದಾಗುತ್ತದೆ. ಹೆಸರು ಕರೆದು ಹತ್ತು ನಿಮಿಷದೊಳಗೆ ಬಾರದಿದ್ದರೆ ಸೆಟ್ ಹೋಯಿತು ಎಂಬುದು. ನಡುವೆ ಆಟ ನಿಲ್ಲಿಸುವ ಪಾಸ್ ಬಟನ್ ಒತ್ತಿದವರಿಗೆ ಆ ರೌಂಡ್ ಸೋಲು. ಬ್ಲೂಟೂತ್ ಪ್ಯಾಡ್ ತಂದವರು ಆಡಿ ಎದ್ದ ಕೂಡಲೇ ಅದರ ಜೋಡಣೆ ತೆಗೆಯಬೇಕು. ಹಾಗೆ ಮಾಡದೆ ಜೇಬಿನಲ್ಲಿಟ್ಟ ಪ್ಯಾಡ್ ಮುಂದಿನವರ ಆಟವನ್ನು ನಿಲ್ಲಿಸಿಬಿಡುತ್ತದೆ.

ಕರೆಂಟಿನ ನಿಯಮವೂ ಬೇಕು. ನಡುವೆ ಕರೆಂಟ್ ಹೋದರೆ ಮುಗಿದ ಗೇಮ್‌ಗಳು ಹಾಗೇ ಉಳಿಯುತ್ತವೆ. ನಿಂತುಹೋದ ಗೇಮನ್ನು ಅದೇ ಪಾತ್ರ, ಆಟದೊಳಗಿನ ಅದೇ ಸ್ಟೇಜ್ ಇಟ್ಟು ಮತ್ತೆ ಶುರು ಮಾಡಬೇಕು. ಆ ಗೇಮಿನಲ್ಲಿ ಯಾರು ಎಷ್ಟು ರೌಂಡ್ ಗೆದ್ದಿದ್ದರೋ ಅಷ್ಟನ್ನು ಎದುರಿನವರು ಆಡದೆ ಬಿಟ್ಟುಕೊಟ್ಟು, ನಿಂತ ರೌಂಡಿನಿಂದ ಆಟ ಮುಂದುವರಿಸಬೇಕು. ಇದಕ್ಕೆ ಪ್ರತಿ ರೌಂಡಿನ ಸ್ಕೋರ್ ಬರೆದುಕೊಳ್ಳುವವರೊಬ್ಬರು ಸೆಟಪ್ಪಿನ ಪಕ್ಕ ಇರಲೇಬೇಕು. ಆಡುತ್ತಿರುವ ಇಬ್ಬರಲ್ಲಿ ಒಬ್ಬರ ಗೆಳೆಯನನ್ನು ಆ ಕೆಲಸಕ್ಕೆ ಕೂರಿಸಬೇಡಿ, ಆಗಲೇ ಸೋತು ಹೊರಬಂದವರಲ್ಲಿ ಬೇರೆ ಊರಿನ ಒಬ್ಬರನ್ನು ಕರೆದು ಕೂರಿಸಿ.